ಎಲ್ಲವೂ ಎರಡೆರಡು: ತಾಂತ್ರಿಕ ಡೈವಿಂಗ್‌ಗೆ ಹೊರಟವರೊಬ್ಬರ ಸಲಕರಣೆ ಪಟ್ಟಿಯ ಪ್ರಕರಣ ಅಧ್ಯಯನ

ಮನರಂಜನಾ ಸ್ಕೂಬಾ ಡೈವಿಂಗ್‌ನಲ್ಲಿ ಹಲವು ವರ್ಷಗಳ ಅನುಭವವಿದ್ದ, ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿಸಿದ ಗಾಳಿ) ಮತ್ತು ರೆಸ್ಕ್ಯೂ ತರಬೇತಿಗಳನ್ನು ಮುಗಿಸಿದ್ದ ಡೈವರ್ ಒಬ್ಬರು, 45 ಮೀಟರ್ ಆಳದಲ್ಲಿರುವ ಹಡಗಿನ ಅವಶೇಷವೊಂದನ್ನು ನೋಡಬೇಕೆಂಬ ಉದ್ದೇಶದಿಂದ ತಾಂತ್ರಿಕ ಡೈವಿಂಗ್ (ಮನರಂಜನಾ ಮಿತಿಗಳನ್ನು ದಾಟಿದ ಡೈವಿಂಗ್) ಕಲಿಯಲು ಮುಂದಾದರು. ತರಬೇತಿಗೆ ಸೇರುವ ಮೊದಲೇ ಅವರು ಕೊಳ್ಳಬೇಕಾದ ಸಲಕರಣೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದನ್ನು ಪರಿಶೀಲಿಸಿ ಅಭಿಪ್ರಾಯ ತಿಳಿಸುವಂತೆ ನನ್ನನ್ನು ಕೇಳಿದರು. ಮುಂದಿನ ತರಬೇತಿಯ ಬಹುಭಾಗದಲ್ಲಿಯೂ ನಾನು ಜೊತೆಗಿದ್ದೆನಾದ್ದರಿಂದ, ಪಟ್ಟಿಯಿಂದ ಹಿಡಿದು ಕೊನೆಯ ನಿರ್ಧಾರದವರೆಗಿನ ಸಂಗತಿಗಳನ್ನು ಇಲ್ಲಿ ದಾಖಲಿಸಲು ಸಾಧ್ಯವಾಗಿದೆ.

ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದುದು ಒಂದೇ ಸಂಗತಿ: ಬಹುತೇಕ ಎಲ್ಲವೂ ಎರಡೆರಡು ಇದ್ದವು. ಬೆನ್ನಿಗೆ ಜೋಡಿ ಸಿಲಿಂಡರ್, ಪರಿಚಿತರೊಬ್ಬರಿಂದ ಕೊಳ್ಳಲಿದ್ದ ಎರಡು ಹಳೆಯ ರೆಗ್ಯುಲೇಟರ್ (ಸಿಲಿಂಡರಿನ ಅನಿಲವನ್ನು ಉಸಿರಾಡಬಹುದಾದ ಒತ್ತಡಕ್ಕೆ ಇಳಿಸುವ ಸಾಧನ), ತೇಲುವಿಕೆಯನ್ನು ಹೊಂದಿಸಿಕೊಳ್ಳಲು ಎರಡು ಗಾಳಿಚೀಲಗಳುಳ್ಳ ವಿಂಗ್, ನಿಲುಗಡೆಗಳನ್ನು ಲೆಕ್ಕ ಹಾಕುವ ಎರಡು ಡೈವ್ ಕಂಪ್ಯೂಟರ್, ಎರಡು ಮಾಸ್ಕ್, ಎರಡು ಚಾಕು, ಎರಡು ರೀಲ್. ಕೊನೆಯ ಸಾಲಿನಲ್ಲಿ, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ, ಅದೇ ಪರಿಚಿತರು ಮಾರಾಟಕ್ಕಿಟ್ಟಿದ್ದ ಬಳಸಿದ ರಿಬ್ರೀದರ್ (ಹೊರಬಿಟ್ಟ ಉಸಿರನ್ನೇ ಶುಚಿಗೊಳಿಸಿ ಮತ್ತೆ ಕೊಡುವ ಯಂತ್ರ). ಒಂದು ಕೆಟ್ಟರೆ ಇನ್ನೊಂದು ಇದ್ದೇ ಇರುತ್ತದೆ ಎಂಬ ಲೆಕ್ಕಾಚಾರ ಪಟ್ಟಿಯುದ್ದಕ್ಕೂ ಕಾಣುತ್ತಿತ್ತು. ಲೆಕ್ಕಾಚಾರ ತಪ್ಪೇನಲ್ಲ, ಆದರೆ ಅರ್ಧಕ್ಕೇ ನಿಂತಿತ್ತು. ಒಂದೇ ಕಾರಣಕ್ಕೆ ಎರಡೂ ಕೈಕೊಡುವಂತಿದ್ದರೆ ಅವು ಎಣಿಕೆಗೆ ಮಾತ್ರ ಎರಡು. ಆದ್ದರಿಂದ ಪ್ರತಿಯೊಂದು ಜೋಡಿಯ ಬಗ್ಗೆಯೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುವುದೆಂದು ನಾವಿಬ್ಬರೂ ಒಪ್ಪಿಕೊಂಡೆವು: ಇವೆರಡನ್ನೂ ಒಟ್ಟಿಗೆ ಕೆಡಿಸಬಲ್ಲದ್ದು ಯಾವುದು, ಮತ್ತು ಹಾಗಾದಾಗ ಅದು ನೀರಿನೊಳಗೆ ನಮಗೆ ಗೊತ್ತಾಗುವುದು ಹೇಗೆ?

ನೇರವಾಗಿ ಮೇಲೆ ಬರಲಾಗದ ಆಳ

ಮನರಂಜನಾ ಡೈವಿಂಗ್‌ನ ಸುರಕ್ಷತೆ ನಿಂತಿರುವುದು ಒಂದು ಸೌಲಭ್ಯದ ಮೇಲೆ. ಯಾವ ಗಳಿಗೆಯಲ್ಲಿ ಏನೇ ಕೆಟ್ಟರೂ ನಿಧಾನವಾಗಿ, ನೇರವಾಗಿ ಮೇಲ್ಮೈಗೆ ಬಂದುಬಿಡಬಹುದು. 40 ಮೀಟರಿನ ಮಿತಿಯೂ, ಕಡ್ಡಾಯ ಡಿಕಂಪ್ರೆಷನ್ ಬೀಳದಷ್ಟು ಹೊತ್ತು ಮಾತ್ರ ಕೆಳಗಿರಬೇಕೆಂಬ ನಿಯಮವೂ ಈ ಸೌಲಭ್ಯವನ್ನು ಉಳಿಸಿಕೊಳ್ಳಲೆಂದೇ ಇರುವಂಥವು. 45 ಮೀಟರಿನಲ್ಲಿ ಅರ್ಧ ಗಂಟೆಯಷ್ಟು ಕಳೆದವರಿಗೆ ಅದು ಇಲ್ಲ. ಅಂಗಾಂಶಗಳಲ್ಲಿ ಕರಗಿರುವ ಅನಿಲ ಸಾವಕಾಶವಾಗಿ ಹೊರಬರಲೆಂದು ಅವರು ಹಂತಹಂತವಾಗಿ ನಿಂತು ಮೇಲೇರಬೇಕು, ಡಿಕಂಪ್ರೆಷನ್ ಎಂದರೆ ಇದೇ. ನಿಲ್ಲದೆ ಬಂದರೆ ಆ ಅನಿಲ ದೇಹದೊಳಗೇ ಗುಳ್ಳೆಗಳಾಗುವ ಡಿಕಂಪ್ರೆಷನ್ ಕಾಯಿಲೆಯ ಅಪಾಯವಿದೆ. ಹೀಗಾಗಿ ಸಲಕರಣೆ ಎಲ್ಲಿ ಕೆಡುತ್ತದೆಯೋ ಅಲ್ಲಿಯೇ, ಉಸಿರಾಡುತ್ತಲೇ, ಅದನ್ನು ನಿಭಾಯಿಸಬೇಕಾಗುತ್ತದೆ. ಮನರಂಜನಾ ಡೈವ್‌ನಲ್ಲಿ ಬರಿಯ ಕಿರಿಕಿರಿ ಎನಿಸುವ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಸೋರಿಕೆ ಇಲ್ಲಿ ಬೇರೆಯೇ ತೂಕ ಪಡೆಯುವುದು ಈ ಕಾರಣದಿಂದ.

ಅಪಘಾತಗಳನ್ನು ಬಿಡಿಸಿ ನೋಡಿ ಅದರಿಂದ ನಿಯಮಗಳನ್ನು ಕಟ್ಟುವ ಪದ್ಧತಿ ಈ ಕ್ಷೇತ್ರಕ್ಕೆ ಬಂದದ್ದು ಗುಹೆ ಡೈವಿಂಗ್‌ನಿಂದ. ಅಮೆರಿಕದ ಗುಹೆ ಡೈವರ್ ಶೆಕ್ ಎಕ್ಸ್ಲಿ 1970ರ ದಶಕದಲ್ಲಿ ಗುಹೆಗಳಲ್ಲಾದ ಸಾವುಗಳನ್ನು ವಿಶ್ಲೇಷಿಸಿ, ಕೆಲವೇ ಕಾರಣಗಳು ಮತ್ತೆ ಮತ್ತೆ ಬರುತ್ತವೆಂದು ತೋರಿಸಿದರು: ಹೊರದಾರಿಯವರೆಗೆ ತುಂಡಾಗದ ಮಾರ್ಗದ ಹಗ್ಗ ಇಲ್ಲದಿರುವುದು, ಹಿಂದಿರುಗಲು ಮೂರನೇ ಎರಡು ಭಾಗ ಅನಿಲವನ್ನು ಉಳಿಸಿಕೊಳ್ಳದಿರುವುದು, ಮಿತಿಮೀರಿದ ಆಳಕ್ಕೆ ಹೋಗುವುದು. ಇವುಗಳಲ್ಲಿ ಒಂದೂ ವಸ್ತು ಒಡೆದುಹೋದ ಕಥೆಯಲ್ಲ. (ಅಷ್ಟನ್ನೆಲ್ಲ ಬರೆದ ಎಕ್ಸ್ಲಿಯೇ 1994ರಲ್ಲಿ ಮೆಕ್ಸಿಕೊದ ಸಕಟೋನ್ ಎಂಬ ಆಳದ ನೀರುಕುಳಿಯಲ್ಲಿ ತೀರಿಕೊಂಡರು.) 1990ರ ದಶಕದಲ್ಲಿ ಟಿಡಿಐ, ಜಿಯುಇಯಂಥ ಡೈವಿಂಗ್ ತರಬೇತಿ ಸಂಸ್ಥೆಗಳು ಹುಟ್ಟಿಕೊಂಡು ಆ ನಿಯಮಗಳನ್ನು ಸಮುದ್ರದ ಡಿಕಂಪ್ರೆಷನ್ ಡೈವಿಂಗ್‌ಗೂ ವಿಸ್ತರಿಸಿದವು.

ಸಿಲಿಂಡರ್ ಜೋಡಿ ಮತ್ತು 70 ಬಾರ್

ಮೊದಲು ಕೈಗೆತ್ತಿಕೊಂಡದ್ದು ಸಿಲಿಂಡರ್‌ಗಳನ್ನು. ಇವರು ಆರಿಸಿದ್ದು 12 ಲೀಟರಿನ ಎರಡು ಉಕ್ಕಿನ ಸಿಲಿಂಡರ್‌ಗಳನ್ನು ಮ್ಯಾನಿಫೋಲ್ಡ್ ಎಂಬ ಅಡ್ಡ ಕೊಳವೆಯಿಂದ ಜೋಡಿಸಿದ ಸೆಟ್. ಪ್ರತಿ ಸಿಲಿಂಡರ್‌ಗೂ ಒಂದು ವಾಲ್ವ್, ಅದಕ್ಕೊಂದು ರೆಗ್ಯುಲೇಟರ್. ಅಡ್ಡ ಕೊಳವೆಯ ನಡುವೆ ಐಸೊಲೇಟರ್ ಎಂಬ ಮೂರನೆಯ ವಾಲ್ವ್. ಐಸೊಲೇಟರ್ ತೆರೆದಿರುವಾಗ ಎರಡೂ ಸಿಲಿಂಡರ್‌ಗಳ ಅನಿಲ ಒಂದೇ. ಒಂದು ಬದಿಯ ರೆಗ್ಯುಲೇಟರ್ ಕೆಟ್ಟರೆ ಆ ಬದಿಯ ವಾಲ್ವನ್ನು ಮುಚ್ಚಿ, ಇನ್ನೊಂದು ಬದಿಯ ರೆಗ್ಯುಲೇಟರ್‌ನಿಂದ ಎರಡೂ ಸಿಲಿಂಡರ್‌ಗಳ ಅನಿಲವನ್ನು ಉಸಿರಾಡಬಹುದು. ಸಿಲಿಂಡರ್‌ನ ಕತ್ತಿನಲ್ಲೋ ಅಡ್ಡ ಕೊಳವೆಯಲ್ಲೋ ಸೋರಿಕೆಯಾದರೆ ಐಸೊಲೇಟರನ್ನು ಮುಚ್ಚಿ ಅರ್ಧ ಅನಿಲವನ್ನಾದರೂ ಉಳಿಸಿಕೊಳ್ಳಬಹುದು. ಇದು ಅಚ್ಚುಕಟ್ಟಾದ ವ್ಯವಸ್ಥೆಯೇ ಸರಿ, ಆದರೆ ಅದು ಕೆಲಸ ಮಾಡಬೇಕಾದರೆ ತಲೆಯ ಹಿಂದಿರುವ, ವಾಲ್ವ್ ತಿರುಗಿಸುವ ಮೂರು ಗುಬ್ಬಿಗಳನ್ನು ಕಣ್ಣಿಗೆ ಕಾಣದಂತೆ, ಕೈಗವಸು ಹಾಕಿಕೊಂಡ ಬೆರಳುಗಳಿಂದ, ಸರಿಯಾದ ಕ್ರಮದಲ್ಲಿ ತಿರುಗಿಸಲು ಬರಬೇಕು.

ಎಷ್ಟು ಅನಿಲ ಉಳಿದಾಗ ಮೇಲೇರಲು ತೊಡಗಬೇಕು ಎಂಬ ಲೆಕ್ಕವನ್ನು ಇವರ ಕೈಯಿಂದಲೇ ಮಾಡಿಸಿದೆ. 45 ಮೀಟರಿನಲ್ಲಿ ಒತ್ತಡ 5.5 ಬಾರ್ (ಮೇಲ್ಮೈಯಲ್ಲಿ ಸುಮಾರು 1 ಬಾರ್). ಗಾಬರಿಗೊಂಡ ವ್ಯಕ್ತಿ ಮೇಲ್ಮೈಯ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಉಸಿರಾಡುತ್ತಾರೆಂದು ಇಟ್ಟುಕೊಳ್ಳೋಣ. ಜೊತೆಗಾರನ ಅನಿಲ ಮುಗಿದು ಇಬ್ಬರೂ ಒಂದೇ ಸೆಟ್‌ನಿಂದ ಉಸಿರಾಡುತ್ತಿದ್ದಾರೆಂದೂ ಇಟ್ಟುಕೊಳ್ಳೋಣ. ತಬ್ಬಿಬ್ಬನ್ನು ಸರಿಪಡಿಸಿಕೊಳ್ಳಲು ತಳದಲ್ಲಿ 2 ನಿಮಿಷಕ್ಕೆ 660 ಲೀಟರ್, 21 ಮೀಟರಿನವರೆಗೆ ಏರುವ 3 ನಿಮಿಷಕ್ಕೆ ಸರಾಸರಿ 4.3 ಬಾರ್ ಒತ್ತಡದಲ್ಲಿ 774 ಲೀಟರ್, ಅಲ್ಲಿ ಬೇರೊಂದು ಸಿಲಿಂಡರಿನ, ಹೆಚ್ಚು ಆಕ್ಸಿಜನ್ ಇರುವ ಡಿಕಂಪ್ರೆಷನ್ ಅನಿಲಕ್ಕೆ ಬದಲಾಯಿಸಿಕೊಳ್ಳುವ 1 ನಿಮಿಷಕ್ಕೆ 186 ಲೀಟರ್. ಒಟ್ಟು 1,620 ಲೀಟರ್. 24 ಲೀಟರಿನ ಜೋಡಿಯಲ್ಲಿ ಇದು ಸುಮಾರು 68 ಬಾರ್, 70 ಎಂದುಕೊಳ್ಳಬಹುದು. ಅದೇ ಲೆಕ್ಕವನ್ನು ತಿರುಗಿಸಿದರೆ, ಐಸೊಲೇಟರ್ ಮುಚ್ಚಿ ಒಂದೇ ಸಿಲಿಂಡರ್ ಉಳಿದಿರುವ ಒಬ್ಬರೇ ಡೈವರ್ ಮೇಲೆ ಬರಲು ಬೇಕಾದದ್ದು 810 ಲೀಟರ್, ಅಂದರೆ ಆ ಒಂದು ಸಿಲಿಂಡರ್‌ನಲ್ಲಿಯೂ ಅದೇ ಸುಮಾರು 68 ಬಾರ್. ಜೊತೆಗಾರ ಅನಿಲ ಕಳೆದುಕೊಂಡರೂ, ತನ್ನದೇ ಅರ್ಧ ಅನಿಲ ಹೋದರೂ, ಗೇಜಿನಲ್ಲಿ ನೋಡಬೇಕಾದ ಅಂಕಿ ಒಂದೇ. ಇವೆರಡೂ ಒಟ್ಟಿಗೆ ಘಟಿಸಿದರೆ ಈ ಮೀಸಲು ಸಾಲದು ಎಂಬುದನ್ನೂ ಅಲ್ಲಿಯೇ ಬರೆದಿಟ್ಟೆವು. ಯಾವ ಯೋಜನೆಯೂ ಎಲ್ಲವನ್ನೂ ಹೊತ್ತುಕೊಳ್ಳಲಾರದು. ಯಾವುದನ್ನು ಹೊತ್ತುಕೊಂಡಿಲ್ಲವೆಂದು ತಿಳಿದಿರಬೇಕು.

ಈ ಜೋಡಿಯನ್ನು ಒಟ್ಟಿಗೆ ಕೆಡಿಸಬಲ್ಲದ್ದು ಒಳಗೆ ತುಂಬಿದ ಅನಿಲವೇ. ಕಂಪ್ರೆಸರ್‌ನ ಎಣ್ಣೆ ಸುಟ್ಟು ಕಾರ್ಬನ್ ಮಾನಾಕ್ಸೈಡ್ ಸೇರಿದ್ದರೆ ಅದು ಎರಡೂ ಸಿಲಿಂಡರ್‌ಗಳಿಗೆ ಸೇರಿರುತ್ತದೆ. ಆಕ್ಸಿಜನ್ ಪ್ರಮಾಣ ತಪ್ಪಿದ್ದರೆ ಎರಡರಲ್ಲಿಯೂ ತಪ್ಪಿರುತ್ತದೆ. ಅದಕ್ಕೆ ಎರಡನೆಯ ಸಿಲಿಂಡರ್ ಮದ್ದಲ್ಲ. ಮದ್ದು ಅನಿಲವನ್ನು ಪರೀಕ್ಷಿಸುವ ವಿಶ್ಲೇಷಕ ಯಂತ್ರ. ಪಟ್ಟಿಯಲ್ಲಿ ಅದು ಇರಲಿಲ್ಲ. ನಾವು ಸೇರಿಸಿದ ಮೊದಲ ವಸ್ತು ಅದು.

ಗಾಳಿಯನ್ನೇ ಉಸಿರಾಡುತ್ತ 45 ಮೀಟರಿಗೆ ಇಳಿಯುವ ತರಬೇತಿಗಳು ಇಂದಿಗೂ ಇವೆ. ಆದರೆ ಅಲ್ಲಿ ಗಾಳಿಯ ಸಾಂದ್ರತೆ ಲೀಟರಿಗೆ ಸುಮಾರು 7 ಗ್ರಾಂ ಆಗುತ್ತದೆ. ಸಂಶೋಧಕರಾದ ಗ್ಯಾವಿನ್ ಆಂಥನಿ ಮತ್ತು ಸೈಮನ್ ಮಿಚೆಲ್ ಅವರ ಶಿಫಾರಸಿನಂತೆ ಸಾಂದ್ರತೆ 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ಗ್ರಾಂ ದಾಟಲೇಬಾರದು. ದಟ್ಟವಾದ ಅನಿಲವನ್ನು ಶ್ವಾಸಕೋಶ ಹೊರಹಾಕಲು ಹೆಣಗುವಾಗ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಉಳಿದುಕೊಳ್ಳುತ್ತದೆ, ರೆಗ್ಯುಲೇಟರ್ ಎಷ್ಟೇ ಒಳ್ಳೆಯದಾಗಿರಲಿ. ಶೇ. 21 ಆಕ್ಸಿಜನ್, ಶೇ. 35 ಹೀಲಿಯಂ ಇರುವ ಟ್ರೈಮಿಕ್ಸ್ ಅದೇ ಆಳದಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಹೀಲಿಯಂ ಬಳಕೆಯನ್ನೂ ಒಳಗೊಂಡ ತರಬೇತಿಯನ್ನೇ ಆರಿಸಿಕೊಳ್ಳಬೇಕೆಂದು ಸಲಹೆ ಕೊಟ್ಟೆ, ಇವರು ಒಪ್ಪಿದರು.

ಎರಡು ಹಳೆಯ ರೆಗ್ಯುಲೇಟರ್‌ಗಳು

ಪರಿಚಿತರಿಂದ ಬಂದ ರೆಗ್ಯುಲೇಟರ್‌ಗಳು ನೋಡಲು ಹೊಸದರಂತಿದ್ದವು. ಎರಡಕ್ಕೂ ಒಂದೇ ದಿನ, ಒಂದೇ ಕಡೆ ಸರ್ವಿಸ್ ಆಗಿತ್ತೆಂದು ಮಾರುವವರು ಹೆಮ್ಮೆಯಿಂದ ಹೇಳಿಕೊಂಡಿದ್ದರು. ನನಗೆ ಚಿಂತೆ ಹುಟ್ಟಿಸಿದ್ದು ಅದೇ ಮಾತು. ಒಂದೇ ಕೈ, ಒಂದೇ ಪೊಟ್ಟಣದ ಬಿಡಿಭಾಗ, ಒಂದೇ ದಿನದ ಗಮನ ಅಥವಾ ಅಲಕ್ಷ್ಯ: ತಪ್ಪೇನಾದರೂ ಆಗಿದ್ದರೆ ಅದು ಎರಡರಲ್ಲಿಯೂ ಆಗಿರುವ ಸಾಧ್ಯತೆ ಹೆಚ್ಚು.

ಪರೀಕ್ಷೆ ಸರಳವಾದದ್ದು. ಫಸ್ಟ್ ಸ್ಟೇಜ್ ಎಂಬ ಭಾಗ ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ ಹೋಸ್‌ಗಳಿಗೆ ಬಿಡುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಉಳಿದದ್ದನ್ನು ಇಳಿಸುತ್ತದೆ. ಈ ನಡುವಿನ ಒತ್ತಡವನ್ನು ಅಳೆಯುವ ಚಿಕ್ಕ ಗೇಜನ್ನು ವಿಂಗ್‌ನ ಹೋಸ್‌ಗೆ ಸಿಕ್ಕಿಸಿ, ಸಿಲಿಂಡರ್ ತೆರೆದು, ಸೆಕೆಂಡ್ ಸ್ಟೇಜಿನ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಮುಳ್ಳು ಕುಸಿದು, ತಕ್ಷಣ ಮೇಲೆದ್ದು, ಒಂದು ಅಂಕಿಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಮೊದಲ ರೆಗ್ಯುಲೇಟರ್‌ನಲ್ಲಿ ಅದು 9.5ರಲ್ಲಿ ನಿಂತಿತು. ಎರಡನೆಯದರಲ್ಲಿಯೂ 9.5ಕ್ಕೆ ಬಂತು, ಆದರೆ ನಿಲ್ಲಲಿಲ್ಲ. ಗಡಿಯಾರದ ನಿಮಿಷದ ಮುಳ್ಳಿನಂತೆ, ನೋಡುತ್ತಿದ್ದರೆ ಚಲಿಸಿದಂತೆ ಕಾಣದೆ, ಕಣ್ಣು ಬೇರೆಡೆ ಹರಿಸಿ ಮತ್ತೆ ನೋಡಿದರೆ ಮುಂದೆ ಹೋಗಿರುತ್ತಿತ್ತು. 12 ಬಾರ್ ದಾಟಿದ ಮೇಲೆ ಸೆಕೆಂಡ್ ಸ್ಟೇಜ್ ಸಣ್ಣಗೆ ಸುಯ್ಯೆನ್ನತೊಡಗಿತು. ಒಳಗೆ ಅನಿಲದ ದಾರಿಯನ್ನು ಮುಚ್ಚುವ ಅಧಿಕ ಒತ್ತಡದ ಸೀಟ್ ಸವೆದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವೆಂಬುದರ ಲಕ್ಷಣ ಇದು.

ಒಂದೇ ಸಿಲಿಂಡರ್ ಬಳಸುವವರಿಗೆ ಈ ದೋಷ ಗೊತ್ತೇ ಆಗದಿರಬಹುದು, ಏಕೆಂದರೆ ಪ್ರತಿ ಉಸಿರಿಗೂ ಒತ್ತಡ ಇಳಿಯುತ್ತಿರುತ್ತದೆ. ಆದರೆ ಜೋಡಿ ಸೆಟ್‌ನಲ್ಲಿ ಎಡ ಬದಿಯ ಮೀಸಲು ರೆಗ್ಯುಲೇಟರ್ ರಬ್ಬರ್ ದಾರದಲ್ಲಿ ಕತ್ತಿನ ಕೆಳಗೆ ತೂಗುತ್ತ, ಡೈವ್ ಉದ್ದಕ್ಕೂ ಯಾರೂ ಉಸಿರಾಡದೆ ಸುಮ್ಮನಿರುತ್ತದೆ. ಏರುತ್ತ ಹೋಗುವ ಒತ್ತಡಕ್ಕೆ ಅದಕ್ಕಿಂತ ಅನುಕೂಲವಾದ ಜಾಗ ಬೇರೊಂದಿಲ್ಲ. ಗದ್ದದಡಿಯಲ್ಲಿ ಏಕಾಏಕಿ ಗುಳ್ಳೆಗಳ ಮೋಡವೆದ್ದು, ಯಾವ ಬದಿ ಸೋರುತ್ತಿದೆಯೆಂದು ತಿಳಿಯದ ಡೈವರ್ ಬಲಗಡೆಯ ಸರಿಯಾದ ವಾಲ್ವನ್ನೇ ಮುಚ್ಚಿಬಿಡುವುದೂ ಉಂಟು.

ದೋಷವಿದ್ದ ರೆಗ್ಯುಲೇಟರನ್ನು ಸೀಟ್ ಬದಲಾಯಿಸಲು ಕಳುಹಿಸಲಾಯಿತು. ಇನ್ನೊಂದನ್ನು ಮುಟ್ಟಬಾರದೆಂದು, ಅದರ ಸರ್ವಿಸನ್ನು ಕೆಲವು ತಿಂಗಳ ಬಳಿಕ ಮಾಡಿಸಬೇಕೆಂದು ಹೇಳಿದೆ. ಇದರಿಂದ ಹೊಸದಾಗಿ ಬಿಚ್ಚಿ ಜೋಡಿಸಿದ ಎರಡು ರೆಗ್ಯುಲೇಟರ್‌ಗಳು ಎಂದೂ ಒಂದೇ ಬೆನ್ನಿನ ಮೇಲಿರುವುದಿಲ್ಲ. ಇದು ಎಲ್ಲ ಕೈಪಿಡಿಗಳಲ್ಲಿ ಬರೆದಿರುವ ನಿಯಮವಲ್ಲ. ನನ್ನ ಅಭಿಪ್ರಾಯದಲ್ಲಿ ಬರೆದಿರಬೇಕಾಗಿತ್ತು.

ಹೋಸ್‌ಗಳ ವಿಚಾರದಲ್ಲಿ ಇವರಿಗೆ ಒಂದು ತಪ್ಪು ಕಲ್ಪನೆಯಿತ್ತು. ಪ್ರೆಷರ್ ಗೇಜಿನ ಹೋಸ್ 200 ಬಾರ್ ಹೊತ್ತಿರುವುದರಿಂದ ಅದು ಸಿಡಿಯುವುದೇ ಅತ್ಯಂತ ಅಪಾಯಕರವೆಂದು ಇವರು ಭಾವಿಸಿದ್ದರು. ವಾಸ್ತವದಲ್ಲಿ ಆ ಹೋಸ್‌ಗೆ ಅನಿಲ ಬರುವ ರಂಧ್ರ ಸೂಜಿಮೊನೆಯಷ್ಟು ಕಿರಿದು. ಅದು ತುಂಡಾದರೆ ಸದ್ದು ಹೆಚ್ಚು, ನಷ್ಟ ನಿಧಾನ. ಕಡಿಮೆ ಒತ್ತಡದ ಹೋಸ್ ಹರಿದರೆ ಅದಕ್ಕಿಂತ ಬಹುಪಟ್ಟು ವೇಗವಾಗಿ ಸಿಲಿಂಡರ್ ಬರಿದಾಗುತ್ತದೆ. ಹೋಸಿನ ಬುಡದ ರಬ್ಬರ್ ರಕ್ಷಾಕವಚವನ್ನು ಸರಿಸಿ, ಅದರಡಿಯಲ್ಲಿ ಬಿರುಕುಗಳಿವೆಯೇ ಎಂದು ಬೆರಳಿನಿಂದ ಬಾಗಿಸಿ ನೋಡುವ ಅಭ್ಯಾಸವನ್ನು ಅಂದಿನಿಂದ ಮಾಡಿಸಲಾಯಿತು.

ವಿಂಗ್, ಕಂಪ್ಯೂಟರ್, ಉಳಿದವು

ಎರಡು ಗಾಳಿಚೀಲಗಳ ವಿಂಗ್ ಪಟ್ಟಿಗೆ ಬಂದದ್ದಕ್ಕೆ ಕಾರಣವಿತ್ತು. ತುಂಬಿದ ಜೋಡಿಯೊಳಗಿನ ಗಾಳಿಯೇ ಸುಮಾರು 6 ಕಿಲೋ ತೂಗುತ್ತದೆ. ಉಕ್ಕಿನ ತೂಕ ಬೇರೆ. ಇವರು ತೊಡುತ್ತಿದ್ದ ವೆಟ್ ಸೂಟ್ ಆಳದಲ್ಲಿ ಹಿಸುಕಿಕೊಂಡು ತೇಲುವ ಗುಣವನ್ನು ಕಳೆದುಕೊಳ್ಳುತ್ತದೆ. ವಿಂಗ್ ಹರಿದರೆ ಇವರನ್ನು ಎತ್ತಿಹಿಡಿಯುವುದು ಏನೂ ಇರುವುದಿಲ್ಲ. ಆದರೆ ಎರಡನೆಯ ಚೀಲ ಎಂದರೆ ಎರಡನೆಯ ಇನ್‌ಫ್ಲೇಟರ್, ಎರಡನೆಯ ಹೋಸ್, ತನ್ನಷ್ಟಕ್ಕೆ ಸೋರಿ ಚೀಲವನ್ನು ಮೆಲ್ಲಗೆ ಉಬ್ಬಿಸಬಲ್ಲ ಇನ್ನೊಂದು ವಾಲ್ವ್. ಹಾಗೆ ಉಬ್ಬಿದಾಗ ಡೈವರ್ ರೂಢಿಯಂತೆ ಮೊದಲ ಚೀಲದ ಗಾಳಿಯನ್ನೇ ಬಿಡುತ್ತ, ಯಾಕೆ ಮೇಲಕ್ಕೆ ಎಳೆಯುತ್ತಿದೆಯೆಂದು ತಿಳಿಯದೆ ಡಿಕಂಪ್ರೆಷನ್ ನಿಲುಗಡೆಯನ್ನು ದಾಟಿ ಹೋಗಬಹುದು.

ವಿಂಗ್ ಇಲ್ಲದೆಯೂ ಈಜಿ ಮೇಲೆ ಬರಬಲ್ಲೆನೆಂದು ಇವರು ಹೇಳಿದಾಗ ಕಡಿಮೆ ಆಳದಲ್ಲಿ ಅದನ್ನು ಪರೀಕ್ಷಿಸಿದೆವು. ಸಿಲಿಂಡರ್ ತುಂಬಿಸಿ, ವಿಂಗ್ ಪೂರ್ತಿ ಬರಿದಾಗಿಸಿ, ಕಾಲಿನ ಬಲದಿಂದಲೇ ಏರಿ ಬಂದರು. ಆದರೆ 6 ಮೀಟರಿನಲ್ಲಿ ನಿಲ್ಲಲು ಹೇಳಿದಾಗ ನಿಲ್ಲಲಾಗಲಿಲ್ಲ. ಕಾಲು ನಿಲ್ಲಿಸಿದೊಡನೆ ಇಳಿಯುತ್ತಿದ್ದರು, ಆಡಿಸುತ್ತಿದ್ದರೆ ಏದುಸಿರು. ಮೇಲೇರುವುದು ಬೇರೆ, ಹತ್ತಿಪ್ಪತ್ತು ನಿಮಿಷ ಒಂದೇ ಆಳದಲ್ಲಿ ನಿಲ್ಲುವುದು ಬೇರೆ. ಇದರ ಮೇಲೆ ತೀರ್ಮಾನ ಸುಲಭವಾಯಿತು: ಒಂದೇ ಚೀಲದ ವಿಂಗ್, ಮತ್ತು 45 ಮೀಟರಿಗೆ ಇಳಿಯುವ ಮುನ್ನ ಡ್ರೈ ಸೂಟ್ (ನೀರು ಒಳಬರದ, ಗಾಳಿ ತುಂಬಬಹುದಾದ ಉಡುಪು) ಮತ್ತು ಅದರ ತರಬೇತಿ. ಡ್ರೈ ಸೂಟಿಗೆ ಗಾಳಿ ಎಡ ಬದಿಯ ವಾಲ್ವಿನಿಂದ ಬರುತ್ತದೆ, ವಿಂಗ್‌ಗೆ ಬಲ ಬದಿಯಿಂದ. ಇವು ನಿಜವಾಗಿಯೂ ಎರಡು.

ಕಂಪ್ಯೂಟರ್‌ಗಳ ವಿಚಾರದಲ್ಲಿ ಮಾತ್ರ ಈ ತರ್ಕ ತಿರುಗಿ ನಿಲ್ಲುತ್ತದೆ. ಬೇರೆ ಬೇರೆ ಲೆಕ್ಕದ ವಿಧಾನಗಳುಳ್ಳ ಎರಡು ಕಂಪ್ಯೂಟರ್‌ಗಳು ನೀರಿನೊಳಗೆ ಬೇರೆ ಬೇರೆ ನಿಲುಗಡೆಗಳನ್ನು ತೋರಿಸಿದರೆ ಯಾವುದನ್ನು ನಂಬಬೇಕೆಂಬ ಹೊಸ ಸಮಸ್ಯೆಯೇಳುತ್ತದೆ. ಎರಡನ್ನೂ ಒಂದೇ ವಿಧಾನ, ಒಂದೇ ಗ್ರೇಡಿಯೆಂಟ್ ಫ್ಯಾಕ್ಟರ್‌ಗೆ (ಲೆಕ್ಕದಲ್ಲಿ ಎಷ್ಟು ಎಚ್ಚರ ವಹಿಸಬೇಕೆಂಬ ಅಂಕಿ) ಹೊಂದಿಸಿ, ನಿಜವಾದ ಭಿನ್ನ ಆಧಾರವಾಗಿ ನೀರಿನಲ್ಲಿ ಬರೆಯಬಲ್ಲ ಪುಸ್ತಕದಲ್ಲಿ ನಿಲುಗಡೆಗಳ ಕೋಷ್ಟಕವನ್ನು ಬರೆದುಕೊಂಡು ಹೋಗುವುದೆಂದಾಯಿತು. ಮಾಸ್ಕ್, ಚಾಕು, ರೀಲ್‌ಗಳ ಬಗ್ಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಎರಡು ಚಾಕುಗಳನ್ನೂ ಒಂದೇ ಕಾಲಿಗೆ ಕಟ್ಟಿಕೊಳ್ಳದೆ, ಎರಡು ಕೈಗಳಲ್ಲಿ ಯಾವುದಕ್ಕಾದರೂ ಒಂದು ಎಟಕುವಂತೆ ಇಟ್ಟುಕೊಂಡರೆ ಸಾಕು.

ಒಂದೇ ಇರುವ, ಜೋಡಿಯಿಲ್ಲದ ವಸ್ತುವೊಂದು ಪಟ್ಟಿಯಲ್ಲಿತ್ತು: ಶೇ. 50 ಆಕ್ಸಿಜನ್ ಇರುವ ಡಿಕಂಪ್ರೆಷನ್ ಸಿಲಿಂಡರ್. 21 ಮೀಟರಿನಲ್ಲಿ ಇದು ಡಿಕಂಪ್ರೆಷನ್ ಹೊತ್ತನ್ನು ಕಡಿಮೆ ಮಾಡುವ ಉಪಕಾರಿ. 45 ಮೀಟರಿನಲ್ಲಿ ತಪ್ಪಿ ಬಾಯಿಗಿಟ್ಟರೆ ಆಕ್ಸಿಜನ್ನಿನ ಭಾಗಶಃ ಒತ್ತಡ (ಒಟ್ಟು ಒತ್ತಡದಲ್ಲಿ ಅದರ ಪಾಲು) 2.75 ಬಾರ್, ಡಿಕಂಪ್ರೆಷನ್ ಹೊತ್ತಿಗೂ 1.6 ಬಾರ್ ಮೀರಬಾರದೆಂಬುದು ನಿಯಮ. ಅದನ್ನು ಮೀರಿದಾಗ ಬರುವ ಮೈ ಸೆಳೆತ (ಫಿಟ್ಸ್) ಮುನ್ಸೂಚನೆಯಿಲ್ಲದೆ ಬರಬಹುದು, ನೀರಿನಡಿಯಲ್ಲಿ ಸೆಳೆತವೆಂದರೆ ಬಾಯಿಂದ ರೆಗ್ಯುಲೇಟರ್ ಜಾರಿ ಮುಳುಗುವುದು. ಆದ್ದರಿಂದ ಸಿಲಿಂಡರ್ ಮೇಲೆ ಜೊತೆಗಾರನಿಗೂ ಕಾಣುವಂತೆ ‘21’ ಎಂದು ದೊಡ್ಡದಾಗಿ ಬರೆಯುವುದು, ವಾಲ್ವನ್ನು ಮುಚ್ಚಿಟ್ಟುಕೊಂಡೇ ಇಳಿಯುವುದು, ಬದಲಾಯಿಸುವ ಮೊದಲು ಸಿಲಿಂಡರಿನಿಂದ ಬಾಯಿಯವರೆಗೆ ಹೋಸನ್ನು ಬೆರಳಿನಿಂದ ಹಿಂಬಾಲಿಸಿ ಜೊತೆಗಾರ ತಲೆಯಾಡಿಸುವವರೆಗೂ ಕಾಯುವುದು. ಈ ಸಿಲಿಂಡರ್ ಮತ್ತು ರೆಗ್ಯುಲೇಟರ್ ಎಣ್ಣೆಜಿಡ್ಡಿಲ್ಲದಂತೆ ಆಕ್ಸಿಜನ್‌ಗೆಂದೇ ಶುಚಿಗೊಳಿಸಿದ್ದಾಗಿರಬೇಕು. ವಾಲ್ವನ್ನು ಝಟ್ಟನೆ ತೆರೆದರೆ ಒತ್ತಿಕೊಂಡ ಅನಿಲದ ಬಿಸಿಗೆ ಒಳಗಿನ ಜಿಡ್ಡು ಹೊತ್ತಿಕೊಳ್ಳಬಹುದು.

ತರಬೇತಿಯ ನಡುವಿನ ಘಟನೆ

30 ಮೀಟರಿನ ಅಭ್ಯಾಸ ಡೈವ್ ಒಂದಕ್ಕಾಗಿ ಶೇ. 28ರ ನೈಟ್ರಾಕ್ಸ್ ತುಂಬಿಸಲಾಗಿತ್ತು. ಹಿಂದಿನ ಅಭ್ಯಾಸದ ಕೊನೆಯಲ್ಲಿ ವಾಲ್ವ್ ಮುಚ್ಚುವ ಪಾಠ ಮಾಡಿ, ಎರಡೂ ಸಿಲಿಂಡರ್‌ಗಳಲ್ಲಿ 60 ಬಾರ್ ಗಾಳಿ ಉಳಿದಿರುವಾಗ ಸೆಟ್ಟನ್ನು ತುಂಬಲು ಕೊಡಲಾಗಿತ್ತು. ತುಂಬುವವರು ಎಡ ಬದಿಯ ವಾಲ್ವಿಗೆ ಹೋಸ್ ಜೋಡಿಸಿದ್ದರು. ಅನಿಲದ ವಿಶ್ಲೇಷಣೆಯನ್ನೂ ಎಡ ಬದಿಯಲ್ಲಿಯೇ ಮಾಡಿ, ಸರಿಯಾಗಿ ಶೇ. 28 ಬಂದದ್ದನ್ನು ಸಿಲಿಂಡರಿಗೆ ಅಂಟಿಸಿದ ಪಟ್ಟಿಯ ಮೇಲೆ ಬರೆಯಲಾಗಿತ್ತು. ಗೇಜಿನಲ್ಲಿ 210 ಬಾರ್. ಎಲ್ಲವೂ ಕ್ರಮದಂತೆಯೇ ಇತ್ತು.

ನೀರಿಗಿಳಿಯುವ ಮುನ್ನ ಮೂರೂ ವಾಲ್ವ್‌ಗಳನ್ನು ಕೈಯಿಂದ ತಿರುಗಿಸಿ ನೋಡುವುದು ಪದ್ಧತಿ. ಇವರು ಹಿಂದಕ್ಕೆ ಕೈ ಚಾಚಿ ಬಲದ್ದನ್ನೂ ಎಡದ್ದನ್ನೂ ನೋಡಿ, ನಡುವಿನ ಗುಬ್ಬಿಗೆ ಬಂದಾಗ ಅದು ತೆರೆಯುವ ದಿಕ್ಕಿಗೆ ಸಲೀಸಾಗಿ ತಿರುಗತೊಡಗಿತು. ತೆರೆದಿರುವ ವಾಲ್ವ್ ಹಾಗೆ ತಿರುಗುವುದಿಲ್ಲ. ಅರ್ಧ ಸುತ್ತು ಆಗುವಷ್ಟರಲ್ಲಿ ಬೆನ್ನಿನಿಂದ ಹಾವು ಬುಸುಗುಟ್ಟಿದಂಥ ಸದ್ದು ಬಂತು, ಗೇಜಿನ ಮುಳ್ಳು ನಮ್ಮೆದುರಿಗೇ 210ರಿಂದ ಇಳಿಯುತ್ತ 135ಕ್ಕೆ ಬಂದು ನಿಂತಿತು. ಐಸೊಲೇಟರ್ ಮುಚ್ಚಿಯೇ ಇತ್ತು. ತುಂಬಿದ್ದು ಎಡ ಸಿಲಿಂಡರ್ ಮಾತ್ರ. ಬಲ ಸಿಲಿಂಡರಿನಲ್ಲಿ ಹಳೆಯ 60 ಬಾರ್ ಗಾಳಿಯೇ ಉಳಿದಿತ್ತು. ಸೆಟ್ ಎಂದಿಗಿಂತ ಅರ್ಧ ಹೊತ್ತಿನಲ್ಲೇ ತುಂಬಿದ್ದು ಯಾರಿಗಾದರೂ ಹೊಳೆಯಬಹುದಾಗಿದ್ದ ಸುಳಿವು.

ಗೇಜ್ ಎಡ ಬದಿಯಲ್ಲಿದೆ. ಮುಖ್ಯ ರೆಗ್ಯುಲೇಟರ್, ಅಂದರೆ 2.1 ಮೀಟರ್ ಉದ್ದದ ಹೋಸಿನದು, ಬಲ ಬದಿಯಲ್ಲಿದೆ. ಹಾಗೆಯೇ ಇಳಿದಿದ್ದರೆ ಇವರು ಬಲ ಸಿಲಿಂಡರಿನ 720 ಲೀಟರ್ ಗಾಳಿಯನ್ನು ಉಸಿರಾಡುತ್ತಿದ್ದರು. 30 ಮೀಟರಿನಲ್ಲಿ, ನಿರಾತಂಕವಾಗಿ ನಿಮಿಷಕ್ಕೆ 20 ಲೀಟರ್ ಎಂದರೂ ಅದು ಒಂಬತ್ತು ನಿಮಿಷವೂ ಬರುತ್ತಿರಲಿಲ್ಲ, ಮತ್ತು ಅಷ್ಟೂ ಹೊತ್ತು ಗೇಜ್ 210 ಎಂದೇ ತೋರಿಸುತ್ತಿತ್ತು. ಗೇಜ್ ಸುಳ್ಳು ಹೇಳುತ್ತಿರಲಿಲ್ಲ, ತನಗೆ ಕಾಣುವ ಸಿಲಿಂಡರಿನ ವಿಷಯವನ್ನು ಸರಿಯಾಗಿಯೇ ಹೇಳುತ್ತಿತ್ತು. ಉಸಿರು ಗಟ್ಟಿದಾಗ ಕತ್ತಿನ ಕೆಳಗಿನ ಮೀಸಲು ರೆಗ್ಯುಲೇಟರಿಗೆ ಬದಲಾಯಿಸಿದ್ದರೆ ಅಲ್ಲಿ ಬೇಕಾದಷ್ಟು ಅನಿಲ ಇರುತ್ತಿತ್ತು. ಹಾಗಾಗಿ ಇದು ಖಂಡಿತ ಸಾವಿನ ಸನ್ನಿವೇಶವೆಂದು ಉತ್ಪ್ರೇಕ್ಷಿಸುವುದು ಸರಿಯಲ್ಲ. ಆದರೆ ಪರೀಕ್ಷಿಸದ ಸಿಲಿಂಡರಿನಲ್ಲಿ ಗಾಳಿಯ ಬದಲು ಹೆಚ್ಚು ಆಕ್ಸಿಜನ್ನಿನ ಮಿಶ್ರಣ ಉಳಿದಿದ್ದು, ಡೈವ್ ಇನ್ನೂ ಆಳದ್ದಾಗಿದ್ದರೆ ಮಾತೇ ಬೇರೆ.

ಬೆರೆತ ಅನಿಲವನ್ನು ಮತ್ತೆ ವಿಶ್ಲೇಷಿಸಿದಾಗ ಆಕ್ಸಿಜನ್ ಶೇ. 26ರಷ್ಟಿತ್ತು. ಅಂದಿನ ಡೈವ್ ರದ್ದಾಯಿತು. ಅನಿಲ ಇಳಿಯಲು ಸಾಕಾಗುತ್ತಿರಲಿಲ್ಲವೆಂಬುದು ಒಂದು ಕಾರಣ. ಇನ್ನೊಂದು, ಯೋಜನೆಯ ಅಂಕಿಗಳೆಲ್ಲ ಬೇರೊಂದು ಮಿಶ್ರಣಕ್ಕೆ ಸೇರಿದವಾಗಿದ್ದವು. ಅಂದಿನಿಂದ ಇವರ ಕ್ರಮಕ್ಕೆ ಎರಡು ಸಂಗತಿಗಳು ಸೇರಿದವು: ವಿಶ್ಲೇಷಣೆ ಎರಡೂ ಬದಿಯಲ್ಲಿ, ಮತ್ತು ತುಂಬಲು ಕೊಡುವಾಗಲೂ ಹಿಂದಕ್ಕೆ ಪಡೆಯುವಾಗಲೂ ನಡುವಿನ ಗುಬ್ಬಿಯ ಮೇಲೆ ಕೈ.

ಅವಶೇಷದೊಳಗೆ ಹೋಗುವ ಯೋಚನೆಯನ್ನು ಇವರು ಮುಂದೂಡಿದ್ದರೂ, ತೂಗುವ ಉಕ್ಕಿನ ತಟ್ಟೆಗಳಡಿಯಲ್ಲಿ ಈಜುವಾಗ ಆಗಬಹುದಾದ ಇನ್ನೊಂದನ್ನು ಇದೇ ಸಂದರ್ಭದಲ್ಲಿ ತೋರಿಸಿಕೊಟ್ಟೆ. ಮುಂದಕ್ಕೆ ಸಾಗುವಾಗ ಮೇಲಿನ ಚಾವಣಿಗೆ ಗುಬ್ಬಿಗಳು ಉಜ್ಜಿದರೆ ಎಡದ್ದು ಮುಚ್ಚುವ ದಿಕ್ಕಿಗೂ ಬಲದ್ದು ತೆರೆಯುವ ದಿಕ್ಕಿಗೂ ತಿರುಗುತ್ತವೆ. ಮುಖ್ಯ ರೆಗ್ಯುಲೇಟರ್ ಬಲಕ್ಕಿರುವುದರ ಒಂದು ಕಾರಣ ಇದೇ. ಎಡದ್ದು ಮುಚ್ಚಿಹೋದದ್ದು ಮೀಸಲು ರೆಗ್ಯುಲೇಟರ್ ಬಾಯಿಗಿಡುವವರೆಗೆ ಗೊತ್ತಾಗದಿರಬಹುದು. ಆದ್ದರಿಂದ ಡೈವ್‌ನ ನಡುನಡುವೆ ಎಡಗೈ ಹಿಂದಕ್ಕೆ ಹೋಗಿ ಬರಬೇಕು.

ರಿಬ್ರೀದರ್ ಬಗ್ಗೆ ಕೈಗೊಂಡ ತೀರ್ಮಾನ

ಪಟ್ಟಿಯ ಕೊನೆಯ ಸಾಲು ಇವರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದಾಗಿತ್ತು. ಹೊರಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಸೋಡಾ ಲೈಮ್ ತುಂಬಿದ ಸ್ಕ್ರಬ್ಬರ್‌ನಲ್ಲಿ ಹೀರಿಸಿ, ಖರ್ಚಾದಷ್ಟು ಆಕ್ಸಿಜನ್ ಸೇರಿಸಿ, ಅದೇ ಅನಿಲವನ್ನು ಮತ್ತೆ ಉಸಿರಾಡುವ ಈ ಯಂತ್ರದಲ್ಲಿ ಹೀಲಿಯಂ ಬಹಳ ಉಳಿಯುತ್ತದೆ, ಕೆಳಗೆ ಹೆಚ್ಚು ಹೊತ್ತು ಸಿಗುತ್ತದೆ. ಆಸೆ ಸಹಜ. ಆದರೆ ತೆರೆದ ಸರ್ಕ್ಯೂಟಿನ (ಉಸಿರನ್ನು ನೀರಿಗೇ ಬಿಡುವ ಸಾಮಾನ್ಯ ಸ್ಕೂಬಾದ) ದೋಷಗಳು ಬಹುತೇಕ ಸದ್ದು ಮಾಡುತ್ತವೆ: ಸುಯ್ಯೆನ್ನುತ್ತವೆ, ಗುಳ್ಳೆಯೇಳಿಸುತ್ತವೆ, ಉಸಿರು ಎಳೆದರೆ ಬರುವುದಿಲ್ಲ. ರಿಬ್ರೀದರ್‌ನ ದೋಷಗಳು ಉಸಿರಾಟ ಎಂದಿನಂತೆ ನಡೆಯುತ್ತಿರುವಾಗಲೇ ಒಳಗೊಳಗೆ ಬೆಳೆಯುತ್ತವೆ. ಆಕ್ಸಿಜನ್ ಕಡಿಮೆಯಾದರೆ ಎಚ್ಚರಿಕೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಸ್ಕ್ರಬ್ಬರ್ ಸೋತರೆ ಏದುಸಿರು, ಗಾಬರಿ, ಮಂಕು ಆವರಿಸುತ್ತವೆ. ಬಾಯಿಯಲ್ಲಿರುವುದನ್ನು ತೆಗೆದು ಬೇರೆ ರೆಗ್ಯುಲೇಟರ್ ಇಟ್ಟುಕೊಳ್ಳುವಷ್ಟು ಹೊತ್ತು ಉಸಿರು ಹಿಡಿಯಲಾರದ ಸ್ಥಿತಿ ಬರಬಹುದು. 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬುಶ್‌ಮನ್ಸ್ ಹೋಲ್‌ನಲ್ಲಿ ಸುಮಾರು 270 ಮೀಟರ್ ಆಳದಲ್ಲಿ ರಿಬ್ರೀದರ್ ಡೈವರ್ ಡೇವಿಡ್ ಶಾ ಸತ್ತದ್ದು ದಟ್ಟ ಅನಿಲ, ದೈಹಿಕ ಶ್ರಮ ಮತ್ತು ದೇಹದಲ್ಲಿ ಶೇಖರವಾದ ಕಾರ್ಬನ್ ಡೈಆಕ್ಸೈಡಿನಿಂದ ಎಂಬುದು ಅವರದೇ ಕ್ಯಾಮೆರಾದ ಚಿತ್ರಣದ ವಿಶ್ಲೇಷಣೆಯಿಂದ ತಿಳಿದುಬಂತು.

ಆಕ್ಸಿಜನ್ ಅಳೆಯುವ ಸೆನ್ಸರ್‌ಗಳ ವಿಷಯದಲ್ಲಿ ನಮ್ಮ ಮೂಲ ಪ್ರಶ್ನೆ ತನ್ನ ಪೂರ್ಣ ರೂಪದಲ್ಲಿ ಎದುರಾಯಿತು. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂರು ಸೆನ್ಸರ್‌ಗಳಿರುತ್ತವೆ. ಒಂದು ಭಿನ್ನವಾದ ಅಂಕಿ ಕೊಟ್ಟರೆ ಯಂತ್ರ ಅದನ್ನು ಬದಿಗಿಟ್ಟು ಉಳಿದೆರಡರ ಮಾತು ಕೇಳುತ್ತದೆ. ಇವು ಒಳಗಿನ ರಾಸಾಯನಿಕ ಸವೆಯುತ್ತ ಹೋಗುವ ಕೋಶಗಳು. ವಯಸ್ಸಾದ ಕೋಶ ಮೇಲ್ಮೈಯ ಗಾಳಿಯಲ್ಲಿ ಸರಿಯಾದ ಅಂಕಿಯನ್ನೇ ಕೊಟ್ಟು, ಹೆಚ್ಚಿನ ಆಕ್ಸಿಜನ್ ಒತ್ತಡದಲ್ಲಿ ಮಾತ್ರ ಕಡಿಮೆ ತೋರಿಸತೊಡಗುತ್ತದೆ. ಒಂದೇ ಬ್ಯಾಚಿನ ಎರಡು ಕೋಶಗಳು ಒಟ್ಟಿಗೆ ಹಾಗಾದರೆ, ನಿಜ ಹೇಳುತ್ತಿರುವ ಮೂರನೆಯದೇ ಬಹುಮತದಿಂದ ಹೊರಬೀಳುತ್ತದೆ. ಯಂತ್ರ ಆಕ್ಸಿಜನ್ ಸಾಲದೆಂದು ತಿಳಿದು ಇನ್ನಷ್ಟು ಸುರಿಯುತ್ತದೆ. ಮಾರಾಟಕ್ಕಿದ್ದ ಯಂತ್ರದ ಮೂರೂ ಕೋಶಗಳ ಮೇಲಿನ ತಯಾರಿಕೆಯ ತಿಂಗಳು ಒಂದೇ ಆಗಿತ್ತು, ಮತ್ತು ಅದು ಹಳೆಯದಾಗಿತ್ತು.

ಆಸ್ಟ್ರೇಲಿಯಾದ ವೈದ್ಯ ಆಂಡ್ರ್ಯೂ ಫಾಕ್ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 1998ರಿಂದ 2010ರವರೆಗೆ ರಿಬ್ರೀದರ್ ಬಳಸುತ್ತಿದ್ದ 181 ಹವ್ಯಾಸಿ ಡೈವರ್‌ಗಳ ಸಾವುಗಳನ್ನು ಗುರುತಿಸಿ, ತೆರೆದ ಸರ್ಕ್ಯೂಟಿಗೆ ಹೋಲಿಸಿದರೆ ಸಾವಿನ ಅಪಾಯ ನಾಲ್ಕರಿಂದ ಹತ್ತು ಪಟ್ಟು ಎಂದು ಅಂದಾಜಿಸಿದ್ದಾರೆ. ಒಟ್ಟು ಎಷ್ಟು ಡೈವ್‌ಗಳು ನಡೆದವೆಂಬುದು ಅಂದಾಜಿನದೇ ಆದ್ದರಿಂದ ಆ ಅಂತರ ಅಷ್ಟು ಅಗಲವಾಗಿದೆ. ಇವರು ಅದನ್ನು ಓದಿ, ಸತ್ತವರಲ್ಲಿ ಎಷ್ಟೋ ಮಂದಿ ತಪ್ಪು ಮಾಡಿರಬೇಕಲ್ಲವೇ ಎಂದು ಕೇಳಿದರು. ಮಾಡಿರುತ್ತಾರೆ. ಮನುಷ್ಯರು ತಪ್ಪು ಮಾಡುವ ಪ್ರಮಾಣದಲ್ಲಿಯೇ ತಪ್ಪು ಮಾಡುತ್ತಾರೆಂದು ಇಟ್ಟುಕೊಂಡೇ ಯಂತ್ರವನ್ನು ಅಳೆಯಬೇಕು. ಐಸೊಲೇಟರನ್ನು ಮುಚ್ಚಿಬಿಟ್ಟ ಕೈಯೇ ಸ್ಕ್ರಬ್ಬರನ್ನೂ ತುಂಬುವುದು.

ರಿಬ್ರೀದರ್ ಕೊಳ್ಳುವುದನ್ನು ಮುಂದೂಡಲಾಯಿತು, ಕೈಬಿಡಲಿಲ್ಲ. ತೆರೆದ ಸರ್ಕ್ಯೂಟಿನಲ್ಲಿ ಡಿಕಂಪ್ರೆಷನ್ ಡೈವ್‌ಗಳು ಸಲೀಸಾಗುವವರೆಗೆ ಆ ವಿಚಾರ ಎತ್ತಬಾರದು. ಮುಂದೆ ಕೊಂಡರೂ ಯಂತ್ರವನ್ನು ಅದರದ್ದೇ ಮಾದರಿಯ ತರಬೇತಿಯೊಂದಿಗೆ ಕೊಳ್ಳಬೇಕು. ಮೂರು ಕೋಶಗಳನ್ನು ಒಂದೇ ದಿನ ಬದಲಾಯಿಸದೆ ಅಂತರ ಬಿಟ್ಟು ಬದಲಾಯಿಸಬೇಕು. ಪ್ರತಿ ಡೈವ್‌ನಲ್ಲಿಯೂ 6 ಮೀಟರಿನಲ್ಲಿ ಶುದ್ಧ ಆಕ್ಸಿಜನ್ ಹಾಯಿಸಿ ಅವು 1.6ರ ಸಮೀಪಕ್ಕೆ ಬರುತ್ತವೆಯೇ ಎಂದು ನೋಡಬೇಕು. ಯಂತ್ರ ಪೂರ್ತಿ ನಿಂತರೂ ತಳದಿಂದ ಮೇಲ್ಮೈವರೆಗೆ ಬರಲು ಸಾಕಾಗುವ ತೆರೆದ ಸರ್ಕ್ಯೂಟಿನ ಅನಿಲ ಜೊತೆಗಿರಬೇಕು. ಪರಿಚಿತರು ಯಂತ್ರವನ್ನು ಬೇರೆಯವರಿಗೆ ಮಾರಿದರು. ಕೋಶಗಳ ವಿಷಯವನ್ನು ಕೊಂಡವರಿಗೆ ತಿಳಿಸುವಂತೆ ಇವರೇ ಅವರಿಗೆ ಹೇಳಿದ್ದಾರೆ.

ತರಬೇತಿ ಮುಗಿದು ಪ್ರಮಾಣಪತ್ರ ಬಂದಿದೆ. ಅವಶೇಷಕ್ಕೆ ಇಳಿಯುವುದು ಇನ್ನೂ ಬಾಕಿ. ಡ್ರೈ ಸೂಟ್ ಬಂದ ಮೇಲೆ ಸೀಸದ ತೂಕವನ್ನು ಬಹುತೇಕ ಖಾಲಿ ಸಿಲಿಂಡರ್‌ಗಳೊಂದಿಗೆ ಹೊಸದಾಗಿ ಹೊಂದಿಸಬೇಕು. 6 ಮೀಟರಿನಲ್ಲಿ ವಿಂಗ್ ಬರಿದಾಗಿಸಿ, ಸೂಟಿನ ಗಾಳಿಯೊಂದರಿಂದಲೇ ಪೂರ್ತಿ ನಿಲುಗಡೆಯನ್ನು ನಿಲ್ಲಬಲ್ಲರೇ ಎಂಬ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಎಡ ವಾಲ್ವಿಗೆ ಈಗ ಮೀಸಲು ರೆಗ್ಯುಲೇಟರ್, ಗೇಜ್, ಸೂಟಿನ ಹೋಸ್ ಮೂರೂ ಸೇರುವುದರಿಂದ, ಆ ಬದಿಯನ್ನು ಮುಚ್ಚಬೇಕಾಗಿ ಬಂದರೆ ಒಟ್ಟಿಗೆ ಏನೇನು ಹೋಗುತ್ತದೆಂಬ ಲೆಕ್ಕವನ್ನು ಇವರೇ ಬರೆಯತೊಡಗಿದ್ದಾರೆ.